ನೀಲಿ ಮುಚ್ಚಳದ ಡಬ್ಬಿಗಳು

ಜೂನ್ ೧೩, ಶುಕ್ರವಾರ ಮಧ್ಯಾಹ್ನ

ನನ್ನ ಗುರುವಿಗೆ, ಅಂದರೆ ಈಗಿನ ಹೊಸ ಮದುಮಗಳಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ನಿನ್ನ ಬಸ್ ಡ್ರೈವರ್ ಸಾಹೇಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ನಿನ್ನ ಪತ್ರ ಬಂದು ಹೊಲಿಗೆ ಮಿಷನ್ನಿನ ಮೇಲೆಯೇ ಕೂತಿತ್ತು. ಅದರ ಮೇಲೊಂದು ಪ್ಯಾಂಟು, ಆ ಪ್ಯಾಂಟಿನ ಮೇಲೆ ಇನ್ನೊಂದು ಪ್ಯಾಂಟು ಬಿದ್ದು, ಪತ್ರ ಎಲ್ಲಿದೆಯೆಂದೇ ಮರೆತುಹೋಯಿತು. ಶಾಲೆ ಶುರುವಾಗುವ ಕಾಲ ನೋಡು, ಊರಿನ ಮಕ್ಕಳೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಉದ್ದವಾಗಿದ್ದಾರೆ. ಆದರೆ ನಿನ್ನ ಹತ್ತಿರ ಸುಳ್ಳು ಯಾಕೆ? ತಡಕ್ಕೆ ಕಾರಣ ಪ್ಯಾಂಟುಗಳಲ್ಲ. ಹೋದ ವಾರ ನನ್ನ ಜೀವ ಬಾಯಿಗೆ ಬಂದಿತ್ತು. ಈಗ ವಾಪಸ್ ತನ್ನ ಜಾಗಕ್ಕೆ ಹೋಗಿ ಕೂತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಎದೆ ಹಿಡಿದುಕೊಂಡು ಓದಬೇಡ: ಮೊಮ್ಮಗಳು ಚೆನ್ನಾಗಿದ್ದಾಳೆ. ನಿನ್ನೆ ಫೋನಿನಲ್ಲಿ ಅವಳು ಕಿರುಚಿದ್ದು ಕೇಳಿ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ನೀನು ಬರೆದಿದ್ದೀಯಲ್ಲ, ಸಾಹೇಬರು ಕುರ್ಚಿ ಕೊಳ್ಳಲು ನಿನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು ಅಂತ, ಅದನ್ನು ಓದಿ ಒಬ್ಬಳೇ ನಕ್ಕೆ. ಅಂಗಡಿಯ ಮುಂಬಾಗಿಲು ನಿನಗೆ ಗುರುತು ಸಿಕ್ಕಿತಾ? ಮೊಣಕಾಲು ನೋವು ಶುರುವಾದ ಮೇಲೆ ಮದುವೆಯಾದವಳು ಈ ಭೂಮಿಯ ಮೇಲೆ ನೀನೊಬ್ಬಳೇ ಇರಬೇಕು. ಇರಲಿ, ನಿನ್ನ ಸುಖ ನೋಡಿ ನನಗೆ ಹೊಟ್ಟೆಕಿಚ್ಚೇನಿಲ್ಲ. ಸ್ವಲ್ಪ ಇದೆ. ಹೊಸ ಕುರ್ಚಿಯ ಬಗ್ಗೆ, ಗಂಡನ ಬಗ್ಗೆ ಅಲ್ಲ.

ನೀನು ಹೋದ ಮೇಲೂ ನಮ್ಮ ಹಿಂಬಾಗಿಲ ಶಾಪಿಂಗ್ ನಿಂತಿಲ್ಲ. ಅಂಗಡಿಗಳು ಬಾಗಿಲು ತೆರೆಯುವ ಮೊದಲೇ, ಬೆಳಿಗ್ಗೆ ಬೆಳಿಗ್ಗೆ ಹೋಗಿ ಹಿಂದಿನ ಓಣಿಯ ತೊಟ್ಟಿಗಳನ್ನು ನೋಡಿಕೊಂಡು ಬರುತ್ತೇನೆ. ಜೊತೆಗೆ ಟೋಪಿ ಇರುತ್ತಾನೆ. ಅದೇ, ಗಡಿಯಾರ ರಿಪೇರಿಯವನು, ಬೇಸಿಗೆಯಲ್ಲೂ ಉಣ್ಣೆಯ ಟೋಪಿ ತೆಗೆಯದವನು. ನೀನು ಬಿಟ್ಟುಹೋದ ಕೊಕ್ಕೆ ಕೋಲು ಈಗ ಅವನ ಕೈಯಲ್ಲಿದೆ. ಅದನ್ನು ಹಿಡಿದುಕೊಂಡು ರಾಜದಂಡ ಹಿಡಿದವನ ಹಾಗೆ ಓಡಾಡುತ್ತಾನೆ. ಈಚೆಗೆ ಅವನಿಗೊಂದು ಇಸ್ತ್ರಿಪೆಟ್ಟಿಗೆ ಸಿಕ್ಕಿತು, ಪ್ಲಗ್ ಬದಲಾಯಿಸಿದ್ದಷ್ಟೇ, ಈಗ ನನ್ನ ಮನೆಯಲ್ಲಿ ಕೆಲಸ ಮಾಡುತ್ತಿದೆ. ನನಗೆ ಮುಚ್ಚಳ ಮುರಿದ ಶಾಂಪೂ, ಮೂಲೆ ಜಜ್ಜಿದ ಬಿಸ್ಕತ್ತಿನ ಡಬ್ಬ, ಕಿವಿ ಕಿತ್ತುಹೋದ ಬಟ್ಟೆಯ ಮೊಲ ಸಿಕ್ಕವು. ಮೊಲಕ್ಕೆ ಹೊಸ ಕಿವಿ ಹೊಲಿದು, ತೊಳೆದು, ಒಣಗಿಸಿ ಮೊಮ್ಮಗಳಿಗೆ ಕೊಟ್ಟೆ. ಮಗಳ ಹತ್ತಿರ ಎಂದಿನಂತೆ ಒಂದೇ ಮಾತು, ಸೇಲಿನಲ್ಲಿ ಸಿಕ್ಕಿತು ಅಂತ.

ಈಗ ವಿಷಯಕ್ಕೆ ಬರುತ್ತೇನೆ. ಮಗಳು ಕೆಲಸಕ್ಕೆ ವಾಪಸ್ ಹೋಗಲು ಶುರು ಮಾಡಿದ ಮೇಲೆ ಮಗುವಿಗೆ ಎದೆಹಾಲು ಸಾಲುತ್ತಿಲ್ಲ. ಡಬ್ಬದ ಹಾಲಿನ ಪುಡಿ ಕೊಡಬೇಕು, ಅದರ ಬೆಲೆಯೋ ಕೇಳಿದರೆ ತಲೆ ತಿರುಗುತ್ತದೆ ಎಂದು ಫೋನ್ ಮಾಡಿದಾಗೆಲ್ಲ ಗೊಣಗುತ್ತಿದ್ದಳು. ನನ್ನನ್ನು ಕೇಳಿದ್ದಲ್ಲ, ಸುಮ್ಮನೆ ಹೇಳಿಕೊಂಡಿದ್ದು. ಆದರೆ ತಾಯಿಯ ಕಿವಿಗೆ ಸುಮ್ಮನೆ ಹೇಳಿದ್ದೂ ಕೇಳಿದ ಹಾಗೆಯೇ ಕೇಳಿಸುತ್ತದಲ್ಲ! ಅಂಥದ್ದರಲ್ಲಿ ಒಂದು ಬೆಳಿಗ್ಗೆ ದೊಡ್ಡ ಅಂಗಡಿಯ ಹಿಂದಿನ ತೊಟ್ಟಿಯ ಮುಚ್ಚಳ ಎತ್ತಿದೆ ನೋಡು, ತುಂಬ ಅದೇ. ಮಕ್ಕಳ ಹಾಲಿನ ಪುಡಿಯ ಡಬ್ಬಿಗಳು. ನೀಲಿ ಮುಚ್ಚಳ, ಮೇಲೆ ನಗುವ ಕರಡಿ ಮರಿ. ಒಂದೂ ಜಜ್ಜಿಲ್ಲ, ಸೀಲು ಒಡೆದಿಲ್ಲ, ತಾರೀಖು ಮುಗಿಯಲು ಇನ್ನೂ ವರ್ಷವಿದೆ.

ನೀನು ಈಗಲೇ ಹಣೆ ಬಡಿದುಕೊಂಡಿರುತ್ತೀಯ, ಗೊತ್ತು. ಮೊದಲ ದಿನವೇ ನೀನು ನನಗೆ ಹೇಳಿಕೊಟ್ಟಿದ್ದೆ, "ಮುರಿದಿರೋದು ತಗೋ, ಹರಿದಿರೋದು ತಗೋ. ಆದ್ರೆ ಒಂದೇ ಸಾಮಾನು, ಒಳ್ಳೇದು, ರಾಶಿ ಬಿದ್ದಿದ್ರೆ ಕೈ ಹಾಕ್ಬೇಡ. ಅಂಗಡಿಯವರಿಗೇನು ತಲೆ ಕೆಟ್ಟಿಲ್ಲ" ಅಂತ. ಆ ಮಾತನ್ನು ಹೊಸದಾಗಿ ಬಂದವರಿಗೆಲ್ಲ ನಾನೇ ದೊಡ್ಡ ಗಂಟಲಿನಲ್ಲಿ ಹೇಳುತ್ತಿದ್ದೆ. ಆದರೆ ಆ ಹೊತ್ತಿಗೆ ಮಗುವಿನ ಮುಖವೊಂದು ಬಿಟ್ಟು ಬೇರೇನೂ ತಲೆಗೆ ಹೊಳೆಯಲಿಲ್ಲ ಕಣೇ. ದೇವರೇ ಕಣ್ಣು ಬಿಟ್ಟ ಅಂದುಕೊಂಡೆ. ಎರಡೂ ಚೀಲ ತುಂಬಿಸಿದೆ. ಟೋಪಿಯೂ ಟೀಗೆ ಹಾಕಿಕೊಳ್ಳಲು ಒಂದು ತೆಗೆದುಕೊಂಡ. "ಕರಡಿ ಹಾಲು ಕುಡಿದ್ರೆ ನಂಗೂ ಹಲ್ಲು ಬರುತ್ತೇನೋ" ಅಂದ.

ಮನೆಗೆ ತಂದು ಪ್ರತಿ ಡಬ್ಬಿಯನ್ನೂ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ. ಒಂದನ್ನು ಮಗು ನಮ್ಮ ಮನೆಗೆ ಬಂದಾಗ ಬೇಕಾಗುತ್ತದೆ ಎಂದು ಕಪಾಟಿನಲ್ಲಿಟ್ಟೆ. ಉಳಿದವನ್ನು ಹೊಸ ಚೀಲಕ್ಕೆ ಹಾಕಿಕೊಂಡು ಭಾನುವಾರ ಮಗಳ ಮನೆಗೆ ಹೋದೆ. ಅವಳು ಚೀಲದೊಳಗೆ ನೋಡಿ, "ಇಷ್ಟೊಂದಾ! ಎಲ್ಲಿ ಸಿಕ್ತಮ್ಮಾ?" ಅಂದಳು. "ಸೇಲು," ಅಂದೆ. "ಥ್ಯಾಂಕ್ಸ್ ಅಮ್ಮಾ," ಎಂದು ಚೀಲವನ್ನು ಅಡುಗೆಮನೆಗೆ ತೆಗೆದುಕೊಂಡು ಹೋದಳು. ಅವತ್ತು ನಾನು ಬಸ್ಸಿನಲ್ಲಿ ಹಾಡು ಗುನುಗಿಕೊಂಡು ಬಂದೆ, ಪಕ್ಕದಲ್ಲಿ ಕೂತವನು ಎದ್ದು ಬೇರೆ ಸೀಟಿಗೆ ಹೋದ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ ಮಗಳು ಫೋನಿನಲ್ಲಿ, "ನಿನ್ನೆಯಿಂದ ಪಾಪುಗೆ ಭೇದಿ ಅಮ್ಮಾ, ರಾತ್ರಿ ಮೈನೂ ಸ್ವಲ್ಪ ಬಿಸಿ ಇತ್ತು" ಅಂದಳು. "ಹಲ್ಲು ಬರ್ತಿರ್ಬೇಕು ಬಿಡೇ, ನಿಂಗೂ ಹಂಗೇ ಆಗಿತ್ತು," ಎಂದು ನಾನು ದೊಡ್ಡ ಡಾಕ್ಟರ್ ಹಾಗೆ ಹೇಳಿ ಫೋನ್ ಇಟ್ಟೆ. ಮಾರನೆಯ ಬೆಳಿಗ್ಗೆ ದಾರದ ಉಂಡೆ ತರಲು ದೊಡ್ಡ ಅಂಗಡಿಗೆ ಹೋದೆ. ಹೌದು, ಮುಂಬಾಗಿಲಿನಿಂದಲೇ. ದಾರ ತೊಟ್ಟಿಯಲ್ಲಿ ಸಿಗುವುದಿಲ್ಲ. ಬಾಗಿಲಿನ ಗಾಜಿಗೆ ಒಂದು ಕಾಗದ ಅಂಟಿಸಿದ್ದರು. ಅದರಲ್ಲಿ ಆ ಕರಡಿ ಮರಿ ನನ್ನನ್ನೇ ನೋಡಿ ನಗುತ್ತಿತ್ತು.

ಈ ಡಬ್ಬಿಯ ಹಾಲಿನ ಪುಡಿಯಲ್ಲಿ ದೋಷ ಕಂಡುಬಂದಿದೆ, ಮಕ್ಕಳಿಗೆ ಕೊಡಬೇಡಿ, ಈಗಾಗಲೇ ಕೊಟ್ಟಿದ್ದು ವಾಂತಿ, ಭೇದಿ, ಜ್ವರ ಇದ್ದರೆ ಕೂಡಲೇ ವೈದ್ಯರನ್ನು ಕಾಣಿ, ಕೊಂಡವರು ಡಬ್ಬಿ ವಾಪಸ್ ತನ್ನಿ ಎಂದು ಬರೆದಿತ್ತು. ಕೆಳಗೆ ಡಬ್ಬಿಯ ತಳದಲ್ಲಿರುವ ನಂಬರುಗಳು. ಓದಿದವಳೇ ದಾರ ಗೀರ ಎಲ್ಲ ಬಿಟ್ಟು ಮನೆಗೆ ಓಡಿದೆ. ಕಪಾಟಿನಲ್ಲಿದ್ದ ಡಬ್ಬಿಯನ್ನು ಬೋರಲು ಹಾಕಿ ನೋಡಿದೆ. ಅದೇ ನಂಬರು. ಕನ್ನಡಕ ಒರೆಸಿ ಮತ್ತೆ ನೋಡಿದೆ. ನಂಬರು ಬದಲಾಗಲಿಲ್ಲ.

ಕೂತುಕೊಂಡರೆ ಏಳಲಾರೆ ಅನ್ನಿಸಿ ನಿಂತೇ ಇದ್ದೆ. ಮಗಳಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಳಿಯನಿಗೆ ಮಾಡಿದೆ, ಎಂಗೇಜು. ಮತ್ತೆ ಮಗಳಿಗೆ. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಎಲ್ಲಿದ್ದಾರೆ ಇವರು, ಆಸ್ಪತ್ರೆಯಲ್ಲೇ ಇದ್ದಾರಾ, ನನಗೆ ಹೇಳುತ್ತಿಲ್ಲವಾ? ಆ ಡಬ್ಬಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದೆ. ಆ ಬಸ್ಸೋ, ಸಿಕ್ಕ ಸಿಕ್ಕಲ್ಲೆಲ್ಲ ನಿಲ್ಲುತ್ತದೆ, ಒಬ್ಬ ಮುದುಕ ಇಳಿಯಲು ಒಂದು ಯುಗ ತೆಗೆದುಕೊಂಡ, ನಿನ್ನ ಸಾಹೇಬರಂಥ ಡ್ರೈವರುಗಳನ್ನೆಲ್ಲ ಮನಸ್ಸಿನಲ್ಲೇ ಬೈದೆ, ಕ್ಷಮಿಸು. ಎದುರು ಸೀಟಿನಲ್ಲಿ ಒಬ್ಬಳು ಮಗುವಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಎದ್ದು ಹೋಗಿ ಆ ಬಾಟಲಿ ಕಿತ್ತುಕೊಳ್ಳಬೇಕು ಅನ್ನಿಸಿತು. ನಾನೇ ನನ್ನ ಕೈಯಾರೆ, ಒರೆಸಿ, ಹೊಸ ಚೀಲದಲ್ಲಿಟ್ಟು, ಮೊಮ್ಮಗಳಿಗೆ ವಿಷ ಒಯ್ದು ಕೊಟ್ಟೆನಲ್ಲ. ದಾರಿಯುದ್ದಕ್ಕೂ ಅದೊಂದೇ.

ಮಗಳ ಮನೆಯ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬಾಗಿಲು ಬಡಿದೆ ಅನ್ನುವುದಕ್ಕಿಂತ ಬಾಗಿಲ ಮೇಲೆ ಬಿದ್ದೆ. ಮಗಳು ತೆರೆದಳು, ಸೊಂಟದ ಮೇಲೆ ಮಗು.

"ಯಾಕಮ್ಮಾ, ಏನಾಯ್ತು? ಯಾಕೆ ಹಿಂಗೆ ಏದುಸಿರು ಬಿಡ್ತಿದ್ದೀಯ?"

"ಫೋನ್ ಯಾಕೆ ಎತ್ತಲ್ಲ ನೀನು?"

"ಪಾಪು ಮಲಗಿತ್ತು, ಸೈಲೆಂಟ್ ಮಾಡಿದ್ದೆ. ಏನಾಯ್ತು ಹೇಳು!"

ಮಗುವನ್ನು ಕಿತ್ತುಕೊಂಡು ಹಣೆ ಮುಟ್ಟಿದೆ, ಹೊಟ್ಟೆ ಮುಟ್ಟಿದೆ, ಬಾಯಿ ಮೂಸಿದೆ. ಅದು ನನ್ನ ಮೂಗು ಹಿಡಿದು ಎಳೆಯಿತು. "ಆ ಪುಡಿ ಕೊಟ್ಯಾ? ನಾನು ತಂದಿದ್ದು, ಕರಡಿ ಡಬ್ಬಿದು, ಎಷ್ಟು ಸಲ ಕೊಟ್ಟೆ?" ಅಂದೆ.

"ಅದಾ? ಇಲ್ಲಮ್ಮಾ. ಅದನ್ನ ಕೊಟ್ಟಿಲ್ಲ."

"ಸುಳ್ಳು ಹೇಳ್ಬೇಡ ಕಣೇ, ನಾನು ಬೈಯಲ್ಲ."

"ಸುಳ್ಳಲ್ಲ, ನಿನ್ನಾಣೆ! ಒಂದು ಚಮಚನೂ ಕೊಟ್ಟಿಲ್ಲ. ನಾವು ಮೊದ್ಲಿಂದ ಕೊಡ್ತಿರೋದನ್ನೇ ಕೊಡ್ತಿದ್ದೀವಿ, ಬಾ ತೋರಿಸ್ತೀನಿ."

ಅಡುಗೆಮನೆಯಲ್ಲಿ ಬೇರೆಯೇ ಡಬ್ಬಿ, ಹಳದಿ ಮುಚ್ಚಳದ್ದು. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಭೇದಿ ಯಾಕಾಯಿತು, ಜ್ವರ ಯಾಕೆ ಬಂತು? ಅಳಿಯ ತಿಳಿಯದೆ ಕಲಸಿ ಕೊಟ್ಟಿದ್ದರೆ? ಡಾಕ್ಟರ್ ಹತ್ತಿರ ಹೋಗೋಣ ನಡಿ ಎಂದು ಹಟ ಹಿಡಿದೆ. ನನ್ನ ಹಟ ನಿನಗೆ ಗೊತ್ತಲ್ಲ. ಮಗಳು ಚಪ್ಪಲಿ ಹಾಕಿಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ್ದೇ ತಡ, ಮುಖ ಗಂಭೀರವಾಯಿತು. "ಇದನ್ನ ಮಗುಗೆ ಕೊಟ್ರಾ? ಎಲ್ಲಿ ತಗೊಂಡ್ರಿ?" ಅಂದರು. ಮಗಳು ಥಟ್ಟನೆ, "ಯಾರೋ ಗೊತ್ತಿರೋರು ಕೊಟ್ಟಿದ್ದು ಡಾಕ್ಟ್ರೇ," ಅಂದಳು. ಅವಳು ನನ್ನ ಮಾನ ಉಳಿಸಲು ನೋಡಿದಳು, ಪಾಪ. ಆದರೆ ಮಗುವಿನ ವಿಷಯದಲ್ಲಿ ಮಾನ ಎಂಥದ್ದು? "ಯಾರೂ ಕೊಟ್ಟಿಲ್ಲ. ಅಂಗಡಿ ಹಿಂದಿನ ಕಸದ ತೊಟ್ಟಿಯಿಂದ ನಾನೇ ತಂದೆ," ಅಂದೆ. ಮಗಳು ನೆಲ ನೋಡುತ್ತಿದ್ದಳು. ನಾನು ಗೋಡೆಯ ಮೇಲಿದ್ದ ಲಸಿಕೆಯ ಚಿತ್ರ ನೋಡುತ್ತಿದ್ದೆ.

ಡಾಕ್ಟರು ಮಾತ್ರ, "ಮಗು ಕುಡಿದಿಲ್ಲ ತಾನೆ? ಅದು ಮುಖ್ಯ," ಎಂದು ಮಗುವನ್ನು ಮೇಜಿನ ಮೇಲೆ ಕೂರಿಸಿಕೊಂಡರು. ಎದೆ ಕೇಳಿದರು, ಹೊಟ್ಟೆ ಒತ್ತಿದರು, ಬಾಯಿಗೆ ಬೆರಳು ಹಾಕಿದರು. ಆಮೇಲೆ "ಆಯ್!" ಅಂದರು. ನೋಡಿದರೆ ಡಾಕ್ಟರು ನಗುತ್ತಿದ್ದಾರೆ. "ಕಚ್ಚಿದ್ಲು ಅಜ್ಜಿ, ನೀವೇ ಮುಟ್ಟಿ ನೋಡಿ, ಕೆಳಗಡೆ ಹಲ್ಲು ಬಂದುಬಿಟ್ಟಿದೆ," ಅಂದರು. ಕೈ ತೊಳೆದುಕೊಂಡು ಮುಟ್ಟಿ ನೋಡಿದೆ. ಅಕ್ಕಿ ಕಾಳಿನ ತುದಿಯಷ್ಟು ಚೂಪು, ಗಟ್ಟಿ. ಭೇದಿಯೂ ಬೆಳಿಗ್ಗೆಯಿಂದ ನಿಂತಿತ್ತಂತೆ, ಮಗಳು ಅದನ್ನು ಆಗ ಹೇಳಿದಳು! ನಾನು ಅವಳಿಗೆ ಬಾಯಿ ತೆರೆಯಲು ಬಿಟ್ಟಿದ್ದರಲ್ಲವೇ ಮೊದಲೇ ಹೇಳುವುದು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ, ಗೊಳೋ ಅಂತ. ಅಷ್ಟರಲ್ಲಿ ಮಗಳು ದಾರಿಯಲ್ಲಿ ಮಾಡಿದ್ದ ಫೋನಿಗೆ ಅಳಿಯ ಕೆಲಸದಿಂದ ಓಡಿಬಂದ. ಅಳುತ್ತಿರುವ ನನ್ನನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಮಗು ನಗುತ್ತಿರುವುದನ್ನು ನೋಡಿದ ಮೇಲೆ ಸ್ವಲ್ಪ ಸುಧಾರಿಸಿಕೊಂಡು, ಮೆಲ್ಲಗೆ, "ಅತ್ತೆ, ಕುತ್ತಿಗೇಲಿ ಟೇಪು," ಅಂದ. ಅಳತೆ ಟೇಪು ಬೆಳಿಗ್ಗೆಯಿಂದ ಕುತ್ತಿಗೆಯಲ್ಲೇ ಇತ್ತು. ಅದನ್ನು ಹಾಕಿಕೊಂಡೇ ಅಂಗಡಿ, ಬಸ್ಸು, ಆಸ್ಪತ್ರೆ ಎಲ್ಲ ಸುತ್ತಿದ್ದೆ. ಡಾಕ್ಟರು ನನ್ನನ್ನೂ ಪರೀಕ್ಷೆ ಮಾಡಬೇಕಾದೀತು ಎಂದು ಕಾಯುತ್ತಿದ್ದರೋ ಏನೋ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟು ಹಗುರವಾಗಿ ನಕ್ಕು ಎಷ್ಟು ಕಾಲವಾಗಿತ್ತೋ.

ಮಾರನೆಯ ದಿನ ಮೊದಲ ಕೆಲಸ ಟೋಪಿಯನ್ನು ಹುಡುಕಿದ್ದು. ಅವನು ಅಷ್ಟು ದಿನವೂ ಆ ಪುಡಿಯ ಟೀ ಕುಡಿದಿದ್ದಾನೆ! ಏನೂ ಆಗಿಲ್ಲ, ಮೊದಲಿಗಿಂತ ಗುಂಡಗಾಗಿದ್ದಾನೆ. ವಿಷಯ ಹೇಳಿದ ಮೇಲೆ ಮಾತ್ರ ಹೊಟ್ಟೆ ಹಿಡಿದುಕೊಂಡು ಕೂತ. ಇಬ್ಬರೂ ಸೇರಿ ನಮ್ಮಿಬ್ಬರ ಹತ್ತಿರ ಉಳಿದಿದ್ದ ಡಬ್ಬಿಗಳನ್ನು ಅಂಗಡಿಗೆ ಒಯ್ದು ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆವು. ಅವನು "ಬಿಲ್ ಇದೆಯಾ?" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಬಿಲ್ ಇಲ್ಲ, ಬಾಯಿದೆ. ಎಸೆಯೋ ಮುಂಚೆ ಒಳ್ಳೇ ಬಟ್ಟೆಗೆಲ್ಲ ಬ್ಲೇಡ್ ಹಾಕ್ತೀರಲ್ಲ, ಯಾರೂ ಹಾಕ್ಕೋಬಾರ್ದು ಅಂತ? ಮಕ್ಕಳನ್ನ ಸಾಯಿಸೋ ಡಬ್ಬಿಗೆ ಒಂದು ತೂತು ಕೊರೆಯಕ್ಕೆ ಆಗ್ಲಿಲ್ವಾ ನಿಮಗೆ?" ಅಂದೆ. ಇಡೀ ಅಂಗಡಿ ನಿಂತು ನೋಡಿತು. ಅವನು ತೊಟ್ಟಿಗೆ ಬೀಗ ಹಾಕಿಸುತ್ತೇನೆ ಎಂದು ಗೊಣಗಿದ. ಹಾಕಿಸಿಕೊಳ್ಳಲಿ. ಓಣಿಯಲ್ಲಿ ಇನ್ನೂ ಬೇಕಾದಷ್ಟು ತೊಟ್ಟಿಗಳಿವೆ. ಆದರೆ ಇನ್ನು ಮುಂದೆ ತಿನ್ನುವ, ಕುಡಿಯುವ ಸಾಮಾನಿಗೆ ನಾನು ಕೈ ಹಾಕುವುದಿಲ್ಲ, ಇದು ನಿನ್ನ ಮೇಲಾಣೆ.

ಹೀಗೆ ಎಲ್ಲ ಸುಖವಾಗಿ ಮುಗಿಯಿತು. ಈಗ ರಾತ್ರಿ ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ, ಪ್ಯಾಂಟುಗಳ ಗುಡ್ಡೆ ಅರ್ಧ ಕರಗಿದೆ. ನಿಮ್ಮಿಬ್ಬರ ಮೊಣಕಾಲುಗಳೂ ಇನ್ನಷ್ಟು ವರ್ಷ ನಿಮ್ಮ ಮಾತು ಕೇಳಲಿ, ಹೊಸ ಕುರ್ಚಿಯಲ್ಲಿ ಅಕ್ಕಪಕ್ಕ ಕೂತು ಜಗಳವಾಡುವಷ್ಟು ಆಯಸ್ಸನ್ನೂ ಆರೋಗ್ಯವನ್ನೂ ದೇವರು ಕೊಡಲಿ. ಸಾಹೇಬರಿಗೆ ನನ್ನ ನಮಸ್ಕಾರ ಹೇಳು. ಬಸ್ಸಿನವರನ್ನು ಬೈದದ್ದು ಹೇಳಬೇಡ.

ಇಂತಿ ನಿನ್ನ ಮಾತು ಮೀರಿ ಬುದ್ಧಿ ಕಲಿತ ಶಿಷ್ಯೆ,
ಹೊಲಿಗೆಯವಳು

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆಗೆ ಅಂಟು ಹಚ್ಚಲು ಹೋದವಳು ಮತ್ತೆ ಪೆನ್ನು ತೆಗೆದುಕೊಂಡೆ. ನಿನಗಲ್ಲದೆ ಯಾರಿಗೆ ಹೇಳಲಿ?

ಆಸ್ಪತ್ರೆಯಿಂದ ಬಂದ ಮೇಲೆ ಮಗಳು ಟೀ ಮಾಡಿದಳು. ಅಳಿಯ ಮತ್ತೆ ಕೆಲಸಕ್ಕೆ ಹೋದ. ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡಿತು. ಆಗ ನನಗೆ ನೆನಪಾಗಿ, "ಆ ಡಬ್ಬಿಗಳನ್ನೂ ಕೊಡೇ, ವಾಪಸ್ ಕೊಡ್ಬೇಕು," ಅಂದೆ. ಅವಳು ಲೋಟ ತೊಳೆಯುತ್ತಿದ್ದವಳು ತಿರುಗಲಿಲ್ಲ. "ಇಲ್ಲಮ್ಮಾ. ನೀನು ತಂದ ದಿನಾನೇ ಎಸೆದುಬಿಟ್ಟೆ," ಅಂದಳು. ನಂಬರು ನೋಡಿ ಎಸೆದೆಯಾ, ಆಗಲೇ ಗೊತ್ತಾಗಿತ್ತಾ ಎಂದು ಕೇಳಿದೆ. "ಇಲ್ಲ. ನೀನು ತಂದಿದ್ದು ಅಂತ ಎಸೆದೆ."

ಆಮೇಲೆ ಅವಳು ಹೇಳಿದಳು. ಅವಳು ಚಿಕ್ಕವಳಿದ್ದಾಗ ನಾನು ತಂದ ಒಂದು ಕೆಂಪು ಕೋಟು. ಬೆನ್ನ ಮೇಲೆ ಬ್ಲೇಡಿನಿಂದ ಉದ್ದಕ್ಕೆ ಸೀಳಿದ್ದರು. ಆ ಸೀಳನ್ನು ಕೂಡಿಸಿ, ಅದರ ಮೇಲೆ ಒಂದು ಬಳ್ಳಿ ಕಸೂತಿ ಹಾಕಿ, ಎಲೆ ಹೂವು ಎಲ್ಲ ತುಂಬಿ, ಯಾರಿಗೂ ಕಾಣದ ಹಾಗೆ ಮಾಡಿದ್ದೆ. ಹಾಗೆಂದು ನಾನು ತಿಳಿದಿದ್ದೆ. ಅವಳ ಕ್ಲಾಸಿನ ಒಂದು ಹುಡುಗಿಯ ತಾಯಿ ಆ ಕೋಟು ಎಸೆದ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದಳಂತೆ. ಆ ಹುಡುಗಿ ಬಳ್ಳಿಯ ಮೇಲೆ ಬೆರಳಾಡಿಸಿ, "ಇದು ನಮ್ಮಮ್ಮ ಕತ್ತರಿಸಿದ್ದು. ಕಸಕ್ಕೆ ಹಾಕೋಕೆ," ಅಂದಳಂತೆ, ಎಲ್ಲರಿಗೂ ಕೇಳುವ ಹಾಗೆ. ಅವತ್ತಿನಿಂದ ನನ್ನ ಮಗಳು ಕೋಟು ಹಾಕಿಕೊಂಡು ಮನೆಯಿಂದ ಹೊರಟು, ಕೆಳಗೆ ಮೆಟ್ಟಿಲ ಸಂದಿಯಲ್ಲಿ ಅದನ್ನು ತುರುಕಿ, ಬರಿಯ ಫ್ರಾಕಿನಲ್ಲಿ ಶಾಲೆಗೆ ಹೋಗುತ್ತಿದ್ದಳಂತೆ. ಸಂಜೆ ಮತ್ತೆ ಹಾಕಿಕೊಂಡು ಮೇಲೆ ಬರುತ್ತಿದ್ದಳಂತೆ. "ಅಂಥ ಚಳಿಯಲ್ಲಾ?" ಅಂದೆ. "ಹೂಂ, ಚಳಿಯಲ್ಲೇ," ಅಂದಳು.

ಅಲ್ಲಿಂದ ಇಲ್ಲಿಯವರೆಗೆ ನಾನು ಕೊಟ್ಟ ಒಂದೇ ಒಂದು ಸಾಮಾನನ್ನೂ ಅವಳು ಇಟ್ಟುಕೊಂಡಿಲ್ಲ ಕಣೇ. ಮದುವೆಯಾದ ಮೇಲೂ. ಟೇಬಲ್ ದೀಪ, ಹೊದಿಕೆ, ಮಗುವಿನ ತೊಟ್ಟಿಲ ಪರದೆ, ಎಲ್ಲದಕ್ಕೂ ಥ್ಯಾಂಕ್ಸ್ ಅಮ್ಮಾ ಅಂದಿದ್ದಾಳೆ, ನನ್ನ ಬಸ್ಸು ಹೋದ ಮೇಲೆ ಎಸೆದಿದ್ದಾಳೆ. ಮೊಲವನ್ನೂ. "ನಿಂಗೆ ನೋವಾಗುತ್ತೆ ಅಂತ ಹೇಳ್ಲಿಲ್ಲ" ಅಂದಳು. ಅವಳೂ ಅಳುತ್ತಿದ್ದಳು. ಬೈಯಬೇಕು ಎಂದು ಬಾಯಿ ತೆರೆದೆ. ತೊಡೆಯ ಮೇಲೆ ಮಗು ಮಲಗಿತ್ತು, ಬಿಸಿಯಿಲ್ಲದ ಹಣೆ, ಹೊಸ ಹಲ್ಲು. ಅವಳು ಎಸೆಯದೆ ಇದ್ದಿದ್ದರೆ? ಬಾಯಿ ಮುಚ್ಚಿಕೊಂಡೆ. ನನ್ನ ಮಗಳು ನಾನು ಕೊಟ್ಟದ್ದನ್ನೆಲ್ಲ ಎಸೆಯುವವಳಾದದ್ದಕ್ಕೆ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ.

ಬಸ್ ಸ್ಟಾಪಿನವರೆಗೆ ಅವಳೇ ಬಂದಳು. ಬಸ್ಸು ಬಂದಾಗ ನನ್ನ ಕೈ ಹಿಡಿದುಕೊಂಡು, "ಮುಂದಿನ ಭಾನುವಾರ ಊಟಕ್ಕೆ ಬಾಮ್ಮಾ. ಏನೂ ತರ್ಬೇಡ, ಖಾಲಿ ಕೈಲಿ ಬಾ," ಅಂದಳು.

ನಾಳಿದ್ದೇ ಭಾನುವಾರ. ಬೆಳಿಗ್ಗೆಯಿಂದ ಮೂರು ಸಲ ಚೀಲ ತೆಗೆದೆ, ನೆನಪಾಗಿ ಮತ್ತೆ ಒಳಗಿಟ್ಟೆ. ಮಗಳ ಮನೆಯ ಬಾಗಿಲಲ್ಲಿ ಖಾಲಿ ಕೈಯಲ್ಲಿ ಹೇಗೆ ನಿಲ್ಲಬೇಕು, ಅದೊಂದನ್ನು ನೀನು ನನಗೆ ಹೇಳಿಕೊಡಲಿಲ್ಲ.